ನೆವಾಡಾ ಮರುಭೂಮಿಯ ಓಪಲ್ ಗಣಿಯಲ್ಲಿ ಎರಡು ದಿನ ಅಗೆದೆವು: ಸಿಕ್ಕಿದ್ದು, ಒಡೆದಿದ್ದು, ನಿಮ್ಮ ಪ್ರಶ್ನೆಗಳು

ಕಲ್ಲುಹುಚ್ಚ (ಫ್ರೀಮಾಂಟ್, ಊರು ಸಾಗರ)

ಹೋದ ವಾರ ಇಲ್ಲಿ ಯಾರೋ ಕೇಳಿದ್ದರು, ಅಮೆರಿಕದಲ್ಲಿ ದುಡ್ಡು ಕೊಟ್ಟರೆ ರತ್ನದ ಗಣಿಯಲ್ಲಿ ಅಗೆಯಲು ಬಿಡ್ತಾರಂತೆ, ಸಿಕ್ಕಿದ್ದು ನಮ್ಮದೇ ಅಂತೆ, ನಿಜವಾ ಎಂದು. ನಿಜ. ಜೂನ್ ಕೊನೆಯಲ್ಲಿ ನಾನು, ಹೆಂಡತಿ, ಒಂಬತ್ತು ವರ್ಷದ ಮಗಳು ಹೋಗಿ ಎರಡು ದಿನ ಅಗೆದು ಬಂದೆವು. ಸೊಂಟ ಇನ್ನೂ ಸರಿಯಾಗಿಲ್ಲ. ಹಾಗಾಗಿ ಕೂತು ಉದ್ದಕ್ಕೆ ಬರೆಯುತ್ತಿದ್ದೇನೆ.

ಜಾಗದ ಹೆಸರು ವರ್ಜಿನ್ ವ್ಯಾಲಿ. ನೆವಾಡಾದ ವಾಯವ್ಯ ಮೂಲೆ, ಒರೆಗಾನ್ ಗಡಿ ಪಕ್ಕ. ಸುತ್ತಲೂ ಶೆಲ್ಡನ್ ವನ್ಯಧಾಮ. ಪ್ರಾಂಗ್‌ಹಾರ್ನ್ ಜಿಂಕೆಗಳಿಗೆಂದು 1931ರಲ್ಲಿ ಮಾಡಿದ ಕಾಡು. ಕಾಡು ಅಂದೆ, ಆದರೆ ಮರ ಹುಡುಕಿದರೂ ಸಿಗುವುದಿಲ್ಲ. ಮೊಣಕಾಲೆತ್ತರದ ಸೇಜ್‌ಬ್ರಷ್ ಪೊದೆ, ಬೂದಿ ಬಣ್ಣದ ಗುಡ್ಡ, ಮೇಲೆ ಆಕಾಶ. ಅಷ್ಟೇ. ಈ ಕಣಿವೆಯಲ್ಲಿ ಸಿಗುವುದು ಕಪ್ಪು ಓಪಲ್. 1987ರಿಂದ ನೆವಾಡಾ ರಾಜ್ಯದ ಅಧಿಕೃತ ರತ್ನ ಇದೇ. ರೇನ್‌ಬೋ ರಿಡ್ಜ್, ರಾಯಲ್ ಪೀಕಾಕ್ ಎಂಬ ಹೆಸರುಗಳನ್ನು ಕೆಲವರು ಕೇಳಿರಬಹುದು. ದೊಡ್ಡ ಕಂಪನಿಗಳಲ್ಲ, ಕುಟುಂಬಗಳು ತಲೆಮಾರುಗಳಿಂದ ನಡೆಸುವ ಗಣಿಗಳು. ನಾವು ಹೋಗಿದ್ದು ಯಾವುದಕ್ಕೆ ಎಂದು ಹೇಳಿದರೆ ಜಾಹೀರಾತು ಅನ್ನಿಸುತ್ತದೆ, ಬಿಡಿ.

ದಾರಿ: ಇಲ್ಲಿಂದ ರೀನೋ, ಅಲ್ಲಿಂದ ವಿನ್ನೆಮಕ್ಕಾ, ಅಲ್ಲಿಂದ ಉತ್ತರಕ್ಕೆ ತಿರುಗಿ ಡೆನಿಯೋ ಜಂಕ್ಷನ್. ಒಟ್ಟು 800 ಕಿಲೋಮೀಟರ್ ಮೇಲೆ. ವಿನ್ನೆಮಕ್ಕಾದಲ್ಲಿ ರಾತ್ರಿ ಉಳಿದು, ಟ್ಯಾಂಕ್ ತುಂಬಿಸಿಕೊಂಡು, ಬೆಳಿಗ್ಗೆ ಐದಕ್ಕೆ ಹೊರಟೆವು. ಆಮೇಲೆ ಫೋನ್ ಸಿಗ್ನಲ್ ಇಲ್ಲ, ಅಂಗಡಿ ಇಲ್ಲ. ನಾವು ಡಬ್ಬದಲ್ಲಿ ಚಿತ್ರಾನ್ನ, ಚಪಾತಿ, ಚಟ್ನಿಪುಡಿ ಕಟ್ಟಿಕೊಂಡಿದ್ದೆವು. ನೀರು ಮಾತ್ರ ಅಂದುಕೊಂಡಿದ್ದಕ್ಕಿಂತ ಎರಡರಷ್ಟು ಬೇಕಾಯಿತು.

ಗಣಿಯ ಆಫೀಸು ಅಂದರೆ ಒಂದು ಹಳೇ ಟ್ರೇಲರ್, ಮುಂದೆ ನೆರಳಿಗೆ ಚಪ್ಪರ. ಅಲ್ಲಿ ಕೂತಿದ್ದ ಅಜ್ಜಿ ದುಡ್ಡು ತಗೊಂಡು, ರಸೀದಿ ಬರೆದು, ಮೇಜಿನ ಮೇಲಿದ್ದ ಉಪ್ಪಿನಕಾಯಿ ಬಾಟಲಿಯಂಥದ್ದನ್ನು ಎತ್ತಿ ಬಿಸಿಲಿಗೆ ಹಿಡಿದರು. ನೀರೊಳಗೆ ಮರದ ಕೊಂಬೆಯ ತುಂಡೊಂದು. ತೊಗಟೆ, ಗಂಟು ಎಲ್ಲಾ ಹಾಗೇ ಇದೆ. ಬಾಟಲಿ ತಿರುಗಿಸಿದರು. ಕೊಂಬೆಯ ಹೊಟ್ಟೆಯಲ್ಲಿ ಹಸಿರು, ಆಮೇಲೆ ಕಿತ್ತಳೆ, ಆಮೇಲೆ ನವಿಲುಗರಿಯ ನೀಲಿ ಹರಿದಾಡಿತು. ಮಗಳು "ಒಳಗೆ ಲೈಟ್ ಇದೆಯಾ?" ಎಂದು ಕೇಳಿದಳು. ಅಜ್ಜಿಗೆ ಕನ್ನಡ ಬಾರದಿದ್ದರೂ ಪ್ರಶ್ನೆ ಅರ್ಥವಾಯಿತು, ನಕ್ಕರು. ದಿನಾ ಇದನ್ನೇ ಕೇಳಿಸಿಕೊಳ್ಳುತ್ತಿರಬೇಕು.

ಅಗೆತಕ್ಕೆ ಎರಡು ದಾರಿ. ಒಂದು ಟೇಲಿಂಗ್ಸ್: ಗಣಿಯವರೇ ಯಂತ್ರದಲ್ಲಿ ಅಗೆದು ಸುರಿದ ಮಣ್ಣಿನ ರಾಶಿಯನ್ನು ಕೆದಕುವುದು. ಇನ್ನೊಂದು ದಂಡೆ: ಗುಡ್ಡದ ಗೋಡೆಯಲ್ಲೇ, ಓಪಲ್ ಇರುವ ಜೇಡಿ ಪದರವನ್ನು ನೀವೇ ಕೊರೆಯುವುದು. ದಂಡೆಯ ದರ ಟೇಲಿಂಗ್ಸ್‌ಗಿಂತ ಎಷ್ಟೋ ಜಾಸ್ತಿ. ದರ ವರ್ಷ ವರ್ಷ ಬದಲಾಗುತ್ತದೆ, ಹೋಗುವ ಮೊದಲು ಫೋನ್ ಮಾಡಿ. ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಮಾತ್ರ ತೆರೆದಿರುತ್ತದೆ. ಆಮೇಲೆ ಹಿಮ.

ನಾವು ಮೊದಲ ದಿನ ಟೇಲಿಂಗ್ಸ್, ಎರಡನೇ ದಿನ ದಂಡೆ.

ಟೇಲಿಂಗ್ಸ್‌ನಲ್ಲಿ ಮಾಡುವ ಕೆಲಸ ನಮ್ಮ ಅಜ್ಜಿಯರು ಅಕ್ಕಿಯಲ್ಲಿ ಕಲ್ಲು ಆರಿಸುವುದರ ಉಲ್ಟಾ. ಕೈಕುಂಟೆಯಲ್ಲಿ ಮಣ್ಣು ಎಳೆಯಬೇಕು, ಹೆಂಟೆ ಒಡೆಯಬೇಕು, ಸ್ಪ್ರೇ ಬಾಟಲಿಯಲ್ಲಿ ನೀರು ಚಿಮುಕಿಸಬೇಕು, ನೋಡಬೇಕು. ಒಣಗಿದ್ದಾಗ ಎಲ್ಲವೂ ಒಂದೇ ಬೂದು. ನೀರು ಬಿದ್ದ ಕೂಡಲೇ ಓಪಲ್ ಮಿಂಚುತ್ತದೆ, ಮಣ್ಣು ಮಂಕಾಗುತ್ತದೆ. ಮೊದಲ ಮೂರು ಗಂಟೆ ನಮಗೆ ಸಿಕ್ಕಿದ್ದು ಬರೀ ಬಿಳಿ, ಬೂದು ಚೂರುಗಳು. ಅವೂ ಓಪಲ್ಲೇ, ಆದರೆ ಒಳಗೆ ಬಣ್ಣ ಆಡುವುದಿಲ್ಲ. ಕಾಫಿ ಲೋಟದ ತುಂಬ ಆಯಿತು. ಮಗಳಿಗೆ ಅಷ್ಟಕ್ಕೇ ಖುಷಿ. ನನಗೆ ಒಳಗೊಳಗೇ ಪೆಟ್ರೋಲ್ ಲೆಕ್ಕ.

ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ದಂಡೆಯಲ್ಲಿ ನನ್ನ ಪಿಕಾಸಿಯ ತುದಿಗೆ ಒಂದು ಸದ್ದು ಬಂತು. ಜೇಡಿಗೆ ಬಡಿದರೆ ಧಪ್ ಎನ್ನುತ್ತದೆ. ಇದು ಟಿಣ್ ಎಂದಿತು, ಗಾಜಿನ ಬಳೆಗೆ ಚಮಚ ತಾಕಿದಂತೆ. ಪಕ್ಕದಲ್ಲಿ ಅಗೆಯುತ್ತಿದ್ದ ಇಡಾಹೋದ ಮುದುಕರೊಬ್ಬರು ಕೈಯೆತ್ತಿ "ನಿಲ್ಲಿಸು" ಎಂದು ಕೂಗಿದರು. ಪಿಕಾಸಿ ಬಿಟ್ಟು ಸ್ಕ್ರೂಡ್ರೈವರ್ ಹಿಡಿದೆ. ಅರ್ಧ ಗಂಟೆ ಸುತ್ತಲಿನ ಜೇಡಿಯನ್ನು ಸಾಬೂನು ಕೆರೆದಂತೆ ಕೆರೆದೆ. ಹೊರಗೆ ಬಂದಿದ್ದು ಹೆಬ್ಬೆರಳಿನಷ್ಟು ಕೊಂಬೆಯ ತುಂಡು. ಮೇಲೆ ಕಪ್ಪು ಮಸಿ ಬಣ್ಣ. ತುದಿಯಲ್ಲಿ ನನ್ನ ಪಿಕಾಸಿಯೇ ಮಾಡಿದ ಗಾಯ, ಅದರೊಳಗಿಂದ ಹಸಿರು ಬೆಂಕಿ.

ಆ ಮುದುಕರು ಅದನ್ನು ಮುಟ್ಟಲೇ ಇಲ್ಲ. "ಮೊದಲು ನೀರಿಗೆ ಹಾಕು, ಆಮೇಲೆ ಖುಷಿಪಡು" ಎಂದರು.

ನಾನು ಒದ್ದೆ ಬಟ್ಟೆಯಲ್ಲಿ ಸುತ್ತಿದೆ. ಮನೆಗೆ ಬಂದು ನೀರಿನ ಬಾಟಲಿಗೂ ಹಾಕಿದೆ. ಹತ್ತು ದಿನ ಚೆನ್ನಾಗಿತ್ತು. ಆಮೇಲೆ ಒಂದು ಭಾನುವಾರ ಅಪ್ಪನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಲು ಹೊರಗೆ ತೆಗೆದೆ. ಒಳ್ಳೇ ಬೆಳಕು ಬೇಕಲ್ಲ, ಅಡುಗೆಮನೆ ಕಿಟಕಿಯ ಕಟ್ಟೆ ಮೇಲೆ ಇಟ್ಟೆ. ಮಾತಿನಲ್ಲಿ ಮರೆತೆ. ಸಂಜೆ ಪಾತ್ರೆ ತೊಳೆಯುವಾಗ ಸಣ್ಣದಾಗಿ ಚಿಟ್ ಎಂದಿತು. ಸಾಸಿವೆ ಸಿಡಿದ ಹಾಗೆ. ನೋಡಿದರೆ ಕಲ್ಲಿನ ಮೇಲೆಲ್ಲ ಜೇಡರ ಬಲೆಯಂತೆ ಬಿರುಕು. ಮತ್ತೆ ನೀರಿಗೆ ಹಾಕಿದೆ. ಬಿರುಕು ಹೋಗಲಿಲ್ಲ. ಬೆಂಕಿ ಇನ್ನೂ ಇದೆ, ಒಡೆದ ಕನ್ನಡಿಯಲ್ಲಿ ದೀಪ ನೋಡಿದಂತೆ.

ಇದನ್ನೇ ಮುಖ್ಯವಾಗಿ ಹೇಳಬೇಕು ಅಂತ ಬರೆದೆ. ಅಲ್ಲಿಗೆ ಹೋಗುವವರು ಗುದ್ದಲಿಗಿಂತ ಮೊದಲು ಮುಚ್ಚಳ ಗಟ್ಟಿ ಇರುವ ಬಾಟಲಿ ತಗೊಳ್ಳಿ. ಪ್ರಶ್ನೆ ಇದ್ದರೆ ಕೇಳಿ.

---

ಶಿಲಾಪದರ (ಧಾರವಾಡ, ಭೂವಿಜ್ಞಾನ ಪಾಠ ಮಾಡುತ್ತೇನೆ)

ಕಿಟಕಿ ಕಟ್ಟೆಯ ಭಾಗ ಓದಿ ಅಯ್ಯೋ ಅನ್ನಿಸಿತು. ಯಾಕೆ ಹಾಗಾಯಿತು ಅಂತ ಹೇಳುತ್ತೇನೆ.

ಸುಮಾರು 1.5 ಕೋಟಿ ವರ್ಷದ ಹಿಂದೆ ಅಲ್ಲಿ ಕೆರೆಗಳಿದ್ದವು, ಸುತ್ತ ಮರಗಳಿದ್ದವು. ಜ್ವಾಲಾಮುಖಿಗಳೂ ಇದ್ದವು. ಕೆರೆಗೆ ಬಿದ್ದ ಕೊಂಬೆಗಳ ಮೇಲೆ ಬೂದಿ ಸುರಿದು ಮುಚ್ಚಿತು. ಬೂದಿಯಲ್ಲಿದ್ದ ಸಿಲಿಕಾ ನೀರಿನಲ್ಲಿ ಕರಗಿ, ಕೊಂಬೆಯೊಳಗೆ ಇಳಿದು, ಮರ ಕೊಳೆತ ಜಾಗದಲ್ಲೆಲ್ಲ ನಿಧಾನಕ್ಕೆ ತುಂಬಿಕೊಂಡಿತು. ಬೂದಿ ಜೇಡಿಯಾಯಿತು. ನೀವು ಕೆರೆದಿದ್ದು ಅದೇ ಜೇಡಿ. ಹೀಗೆ ಕೊಂಬೆಗಳಷ್ಟೇ ಅಲ್ಲ, ಪೈನ್ ಕಾಯಿಗಳೂ ಓಪಲ್ ಆಗಿ ಸಿಕ್ಕಿವೆ.

ಓಪಲ್ ಅಂದರೆ ಸಿಲಿಕಾ ಜೊತೆಗೆ ನೀರು. ಸಾಮಾನ್ಯವಾಗಿ ತೂಕದಲ್ಲಿ ಶೇಕಡಾ 3ರಿಂದ 10ರಷ್ಟು ನೀರೇ ಇರುತ್ತದೆ. ವರ್ಜಿನ್ ವ್ಯಾಲಿಯದು ಒದ್ದೆ ಜೇಡಿಯಲ್ಲೇ ಮಲಗಿದ್ದ ಕಲ್ಲು. ಹೊರಗೆ ತೆಗೆದರೆ ಮೇಲ್ಭಾಗ ಬೇಗ ಒಣಗಿ ಕುಗ್ಗುತ್ತದೆ, ಒಳಭಾಗ ಕುಗ್ಗುವುದಿಲ್ಲ. ಬೇಸಿಗೆಯಲ್ಲಿ ನಮ್ಮ ಕೆರೆ ಅಂಗಳ ಬಿರಿಯುತ್ತದಲ್ಲ, ಅದೇ ಲೆಕ್ಕ.

ಬಣ್ಣದ ಕತೆ ಬೇರೆ. ಒಳಗೆ ಸಿಲಿಕಾದ ಸಣ್ಣ ಸಣ್ಣ ಗೋಲಿಗಳು ಇರುತ್ತವೆ. ಸಂತೆಯಲ್ಲಿ ನಿಂಬೆಹಣ್ಣು ಪೇರಿಸಿದ ಹಾಗೆ ಒಪ್ಪವಾಗಿ ಕೂತಿರುತ್ತವೆ. ಒಂದೊಂದೂ ಸುಮಾರು 150ರಿಂದ 300 ನ್ಯಾನೋಮೀಟರ್. ಆ ಸಾಲುಗಳ ನಡುವೆ ಬೆಳಕು ಒಡೆದು ಬಣ್ಣವಾಗುತ್ತದೆ. ಆಸ್ಟ್ರೇಲಿಯಾದ ವಿಜ್ಞಾನಿಗಳು 1964ರಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ಇದನ್ನು ಕಂಡುಕೊಂಡರು. ಗೋಲಿ ಚಿಕ್ಕದಿದ್ದರೆ ನೀಲಿ, ದೊಡ್ಡದಿದ್ದರೆ ಕೆಂಪು. ದೊಡ್ಡ ಗೋಲಿಗಳು ಒಂದೇ ಅಳತೆಯಲ್ಲಿ ಕೂಡಿಬರುವುದು ಕಡಿಮೆ, ಅದಕ್ಕೇ ಕೆಂಪಿಗೆ ಬೆಲೆ ಜಾಸ್ತಿ. ಗೋಲಿಗಳು ಅಡ್ಡಾದಿಡ್ಡಿ ಇದ್ದರೆ ನಿಮ್ಮ ಕಾಫಿ ಲೋಟದಲ್ಲಿದ್ದ ಬಿಳಿ ಚೂರು.

---

ಲೆಕ್ಕದಪುಸ್ತಕ (ನಾಗರಬಾವಿ)

ಒಂದು ನೇರ ಪ್ರಶ್ನೆ, ಬೇಜಾರು ಮಾಡಿಕೊಳ್ಳಬೇಡಿ. 1600 ಕಿಲೋಮೀಟರ್ ಪೆಟ್ರೋಲ್, ಎರಡು ಮೂರು ರಾತ್ರಿ ಮೋಟೆಲ್, ಮೂರು ಜನರ ಅಗೆತದ ಫೀಸು. ಸಿಕ್ಕಿದ್ದು ಒಡೆದ ಒಂದು ಕಲ್ಲು, ಒಂದು ಲೋಟ ಬಿಳಿ ಚೂರು. ಆ ದುಡ್ಡಲ್ಲಿ ಅವೆನ್ಯೂ ರೋಡಿನಲ್ಲಿ ಒಳ್ಳೇ ಕಲ್ಲೇ ಬರುತ್ತಿತ್ತಲ್ವಾ?

---

ಕಲ್ಲುಹುಚ್ಚ

ಬರುತ್ತಿತ್ತು. ಬೇಜಾರೇನಿಲ್ಲ, ನಮ್ಮನೇಲೂ ಇದೇ ಪ್ರಶ್ನೆ ಬಂದಿದೆ. ಅದೇ ದುಡ್ಡಲ್ಲಿ ಡಿಸ್ನಿಲ್ಯಾಂಡ್‌ಗೂ ಹೋಗಬಹುದಿತ್ತು, ಅಲ್ಲಿಂದ ಒಂದು ಪ್ಲಾಸ್ಟಿಕ್ ಕಿವಿ ತರುತ್ತಿದ್ದೆವು.

ಆದರೆ ಒಂದು ವಿಷಯ ಸರಿಯಾಗಿ ಹೇಳಿಬಿಡುತ್ತೇನೆ. ಲಾಭಕ್ಕೆ ಅಂತ ಹೋಗುವ ಜಾಗ ಇದಲ್ಲ. ಎರಡು ದಿನದಲ್ಲಿ ಬಣ್ಣ ಇರುವ ತುಂಡು ನಮಗೆ ಸಿಕ್ಕಿದ್ದು ಏಳು. ಐದು ಹುಣಸೆ ಬೀಜಕ್ಕಿಂತ ಚಿಕ್ಕವು. ಪಕ್ಕದ ಮುದುಕರು ಇಪ್ಪತ್ತು ವರ್ಷದಿಂದ ಬರುತ್ತಿದ್ದಾರಂತೆ, ಆ ಎರಡು ದಿನ ಅವರಿಗೆ ಏನೂ ಸಿಗಲಿಲ್ಲ. ಮಡಚುವ ಕುರ್ಚಿಯಲ್ಲಿ ಕೂತು ಸ್ಯಾಂಡ್‌ವಿಚ್ ತಿಂದುಕೊಂಡು ಆರಾಮಾಗಿದ್ದರು.

---

ಬಳ್ಳಾರಿ_ಬಿಸಿಲು

ಅಣ್ಣ, ಇದಕ್ಕೆ ನೆವಾಡಾ ಯಾಕೆ? ನಮ್ಮ ಗಡಿ ದಾಟಿದರೆ ಸಾಕು. ಮುಂಗಾರಿನ ಮೊದಲ ಮಳೆ ಬಿದ್ದ ಕೂಡಲೇ ಆಂಧ್ರದ ವಜ್ರಕರೂರು, ಜೊನ್ನಗಿರಿ, ತುಗ್ಗಲಿ ಕಡೆ ಹೊಲಗಳಲ್ಲಿ ವಜ್ರ ಹುಡುಕುವ ಜನ ತುಂಬುತ್ತಾರೆ. ನಮ್ಮ ಬಳ್ಳಾರಿ ಕಡೆಯವರೂ ಹೋಗುತ್ತಾರೆ. ಮಳೆಗೆ ಮೇಲಿನ ಮಣ್ಣು ಕೊಚ್ಚಿ ಹೋಗಿ ಕಲ್ಲು ಮೇಲೆ ಬರುತ್ತದೆ. ಅಗೆಯುವುದಿಲ್ಲ, ಬರೀ ಕಣ್ಣು.

ನಾನು ಪಿಯುಸಿ ಮುಗಿಸಿದ ವರ್ಷ ಮಾವನ ಜೊತೆ ಹೋಗಿದ್ದೆ. ಬುತ್ತಿ ಕಟ್ಟಿಕೊಂಡು, ಗುಂತಕಲ್ ದಾಟಿ. ಬೆಳಿಗ್ಗೆ ಸೂರ್ಯ ಅಡ್ಡ ಇರುವಾಗ ಹುಡುಕಬೇಕು ಅನ್ನುತ್ತಿದ್ದರು ಮಾವ. ಸೂರ್ಯನಿಗೆ ಎದುರಾಗಿ ನಡೆದರೆ ಹೊಳೆಯುವುದು ಕಾಣುತ್ತದೆ. ನೂರಾರು ಜನ ತಲೆ ಬಗ್ಗಿಸಿಕೊಂಡು ಕೆಂಪು ಹೊಲದಲ್ಲಿ ನಡೆಯುತ್ತಿದ್ದರು. ಒಬ್ಬರೂ ಮಾತಾಡುವುದಿಲ್ಲ. ಚಪ್ಪಲಿ ಕಳೆದುಕೊಂಡವರು ಹುಡುಕುವ ಹಾಗೆ ಕಾಣುತ್ತದೆ. ಮಾವನಿಗೆ ನಾಲ್ಕು ದಿನದಲ್ಲಿ ಸಿಕ್ಕಿದ್ದು ಬೆಣಚು ಕಲ್ಲು, ನನಗೆ ಸಿಕ್ಕಿದ್ದು ಜ್ವರ.

ಸಿಕ್ಕವರು ಬಾಯಿ ಬಿಡುವುದಿಲ್ಲ. ಅಲ್ಲೇ ಸುತ್ತುತ್ತಿರುವ ವ್ಯಾಪಾರಿಗಳಿಗೆ ಗುಟ್ಟಾಗಿ ಕೊಟ್ಟು ಬಸ್ ಹತ್ತುತ್ತಾರೆ. ಇನ್ನು ಹೊಲದ ರೈತರ ಕಷ್ಟ ಕೇಳಬೇಡಿ. ಬಿತ್ತನೆ ಹೊತ್ತಿಗೆ ಊರೆಲ್ಲ ಹೊಲ ತುಳಿದರೆ ಯಾರಿಗೆ ಸಿಟ್ಟು ಬರುವುದಿಲ್ಲ? ನಿಮ್ಮಲ್ಲಿ ಹಾಗಲ್ಲ, ಫೀಸು ಕಟ್ಟಿ, ರಸೀದಿ ಪಡೆದು ಅಗೆಯುತ್ತೀರಿ. ಅದೊಂದು ವಾಸಿ.

---

ಶಿಲಾಪದರ

ಬಳ್ಳಾರಿಯವರೇ, ಫೀಸು ಕಟ್ಟಿ ಅಗೆಯುವ ಪದ್ಧತಿ ನಮ್ಮ ದೇಶದಲ್ಲೂ ಇದೆ. ಮಧ್ಯಪ್ರದೇಶದ ಪನ್ನಾದಲ್ಲಿ ಸರ್ಕಾರವೇ 8 ಮೀಟರ್‌ಗೆ 8 ಮೀಟರ್ ಜಾಗವನ್ನು ವರ್ಷಕ್ಕೆ 200 ರೂಪಾಯಿಗೆ ಕೊಡುತ್ತದೆ. ವಜ್ರ ಸಿಕ್ಕರೆ ಅಲ್ಲಿನ ವಜ್ರ ಕಚೇರಿಗೆ ಒಪ್ಪಿಸಬೇಕು. ಅವರು ಹರಾಜು ಹಾಕಿ, ತಮ್ಮ ಪಾಲು ಹಿಡಿದುಕೊಂಡು, ಉಳಿದದ್ದನ್ನು ಕೊಡುತ್ತಾರೆ. ವರ್ಜಿನ್ ವ್ಯಾಲಿಯಲ್ಲಿ ಪಾಲು ಗೀಲು ಇಲ್ಲ, ಟಿಕೆಟ್ ತಗೊಂಡ ಮೇಲೆ ಸಿಕ್ಕಿದ್ದು ನಿಮ್ಮದು.

---

ಶುಕ್ರದೆಸೆ (ಮೈಸೂರು)

ನಮ್ಮ ಜೋಯಿಸರು ಮಗನಿಗೆ ಶುಕ್ರ ಸರಿಯಿಲ್ಲ, ವಜ್ರ ಆಗದಿದ್ದರೆ ಓಪಲ್ ಉಂಗುರ ಹಾಕಿಸಿ ಎಂದಿದ್ದಾರೆ. ಯಾವುದು ಒಳ್ಳೆಯದು? ನೆವಾಡಾ ಓಪಲ್ ತರಿಸಬಹುದಾ? ಹೋದ ವರ್ಷ ಒಂದು ಕಡೆ ಆನ್‌ಲೈನ್‌ನಲ್ಲಿ ತಗೊಂಡ ಉಂಗುರದ ಕಲ್ಲು ಎರಡು ತಿಂಗಳಲ್ಲಿ ಮಬ್ಬಾಯಿತು. ಕೇಳಿದರೆ "ನೀರು ತಾಗಿಸಿದ್ದೀರಿ" ಎಂದರು. ದಿನಾ ಸ್ನಾನ ಮಾಡದೆ ಇರೋಕಾಗುತ್ತಾ ಸ್ವಾಮಿ?

---

ಶಿಲಾಪದರ

ಶುಕ್ರನ ವಿಷಯ ನನ್ನ ಕೈಲಿಲ್ಲ, ಕಲ್ಲಿನ ವಿಷಯ ಹೇಳುತ್ತೇನೆ.

ವರ್ಜಿನ್ ವ್ಯಾಲಿಯದನ್ನು ಉಂಗುರಕ್ಕೆ ಯೋಚಿಸಲೇಬೇಡಿ. ಅದು ಬಾಟಲಿ ಕಲ್ಲು. ಕೆಲವರು ವರ್ಷಗಟ್ಟಲೆ ನಿಧಾನಕ್ಕೆ ಒಣಗಿಸಿ, ಒಡೆಯದೆ ಉಳಿದ ತುಂಡನ್ನು ಸಾಣೆ ಹಿಡಿಯುತ್ತಾರೆ. ಹಾಗೆ ಉಳಿಯುವುದು ಕಡಿಮೆ.

ಈಗ ಅಂಗಡಿಗಳಲ್ಲಿ ಬಹಳಷ್ಟು ಸಿಗುವುದು ಇಥಿಯೋಪಿಯಾದ ವೆಲೋ ಓಪಲ್. 2008ರ ನಂತರ ಮಾರುಕಟ್ಟೆಗೆ ಬಂತು, ತುಂಬಾ ಕಲ್ಲು ಜೈಪುರದಲ್ಲೇ ಕತ್ತರಿಸಲ್ಪಡುತ್ತದೆ. ಅದು ಸ್ಪಂಜಿನ ಹಾಗೆ ನೀರು ಹೀರುತ್ತದೆ. ಒದ್ದೆಯಾದರೆ ಬಣ್ಣ ಮಾಯ, ಒಣಗಿದರೆ ಸಾಮಾನ್ಯವಾಗಿ ವಾಪಸ್ಸು. ಆದರೆ ಸಾಬೂನು, ಎಣ್ಣೆ, ಅರಿಶಿನ ಒಳಗೆ ಹೋದರೆ ಅಲ್ಲೇ ಉಳಿದುಬಿಡುತ್ತದೆ. ನಿಮ್ಮದು ಅದೇ ಇರಬಹುದು. ದಿನಾ ಹಾಕಬೇಕು ಅಂದರೆ ಆಸ್ಟ್ರೇಲಿಯಾದ ಕಲ್ಲು ನೋಡಿ, ಬೆಲೆ ಜಾಸ್ತಿ. ಅದಕ್ಕೂ ಗಟ್ಟಿತನ 5.5ರಿಂದ 6.5 ಅಷ್ಟೇ. ವಜ್ರದ್ದು 10. ಪಾತ್ರೆ ತಿಕ್ಕುವ ಕೈಗೆ ಬೇಡ.

---

ಅಡಿಲೇಡ್_ಅಡಿಗ

ಆಸ್ಟ್ರೇಲಿಯಾ ಹೆಸರು ಬಂತಲ್ಲ, ನನಗೂ ಮಾತಾಡಲು ನೆಪ ಸಿಕ್ಕಿತು. ನಮ್ಮೂರಿಂದ ಸುಮಾರು 850 ಕಿಲೋಮೀಟರ್ ಉತ್ತರಕ್ಕೆ ಕೂಬರ್ ಪೀಡಿ ಇದೆ. 1915ರಲ್ಲಿ ಅಪ್ಪನ ಜೊತೆ ಚಿನ್ನ ಹುಡುಕಲು ಬಂದಿದ್ದ 14 ವರ್ಷದ ಹುಡುಗನೊಬ್ಬನಿಗೆ ಓಪಲ್ ಸಿಕ್ಕಿತು. ಅಲ್ಲಿಂದ ಊರು ಬೆಳೆಯಿತು. ಸೆಕೆ ತಡೆಯಲಾಗದೆ ಜನ ನೆಲದ ಕೆಳಗೆ ಮನೆ ಕೊರೆದುಕೊಂಡಿದ್ದಾರೆ. ಚರ್ಚೂ ಕೆಳಗೇ.

ಊರಿನಲ್ಲೇ ಒಂದು ಜಾಗದಲ್ಲಿ ಪ್ರವಾಸಿಗಳು ಮಣ್ಣು ಕೆದಕಿ ಹುಡುಕಬಹುದು, ಫೀಸು ಇಲ್ಲ. ಇಲ್ಲಿಯವರು ಇದಕ್ಕೆ ನೂಡ್ಲಿಂಗ್ ಅನ್ನುತ್ತಾರೆ. ಮೊದಲ ಸಲ ಕೇಳಿದಾಗ ಮ್ಯಾಗಿ ನೆನಪಾಯಿತು. ಊರ ಹೊರಗೆ ಬೋರ್ಡುಗಳಿವೆ: ಓಡಬೇಡಿ, ಹಿಂದಕ್ಕೆ ನಡೆಯಬೇಡಿ. ಫೋಟೋ ತೆಗೆಯಲು ಹಿಂದೆ ಹಿಂದೆ ಹೋದರೆ ಹಳೇ ಗಣಿಯ ಬಾವಿಗೆ ಬೀಳುತ್ತೀರಿ. ತಮಾಷೆ ಅಲ್ಲ, ಅಂಥ ಬಾವಿಗಳು ಲೆಕ್ಕವಿಲ್ಲದಷ್ಟಿವೆ.

ನನಗೆ ಒಂದು ಮಧ್ಯಾಹ್ನದಲ್ಲಿ ಉಗುರಿನಷ್ಟು ಹಸಿರು ಚೂರು ಸಿಕ್ಕಿತು. ಆರು ವರ್ಷದಿಂದ ಶೋಕೇಸ್‌ನಲ್ಲಿ ಒಣಗಿ ಕೂತಿದೆ. ಬಿರುಕು ಬಿಟ್ಟಿಲ್ಲ. ಕಲ್ಲುಹುಚ್ಚರ ಹೊಟ್ಟೆ ಉರಿಸಲು ಹೇಳಿದೆ.

---

ಚಾಂಪಿಯನ್_ರೀಫ್_ಮೊಮ್ಮಗ (ಕೆಜಿಎಫ್, ಈಗ ಹೊಸೂರು)

ಟೇಲಿಂಗ್ಸ್ ಅಂತ ಓದಿ ನಗು ಬಂತು. ನಮ್ಮೂರಲ್ಲಿ ಅದಕ್ಕೆ ಸೈನೈಡ್ ಗುಡ್ಡ ಅನ್ನುತ್ತೇವೆ. ಚಿಕ್ಕವರಿದ್ದಾಗ ಅದರ ಮೇಲಿಂದ ಜಾರಿ ಆಡಿದ್ದಕ್ಕೆ ಏಟು ತಿಂದಿದ್ದೇವೆ. ಗಾಳಿ ಬೀಸಿದರೆ ಆ ಬಿಳಿ ಪುಡಿ ಒಗೆದ ಬಟ್ಟೆ ಮೇಲೆಲ್ಲ.

ತಾತ ಚಾಂಪಿಯನ್ ರೀಫ್‌ನಲ್ಲಿ ಕೆಲಸ ಮಾಡಿದ್ದರು. 3 ಕಿಲೋಮೀಟರ್‌ಗಿಂತ ಆಳದ ಗಣಿ. ಕೆಳಗೆ ಕಲ್ಲು ಮುಟ್ಟಿದರೆ ಬಿಸಿ ತವಾ ಹಾಗೆ ಅನ್ನುತ್ತಿದ್ದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗ ಅವರಿಗೆ ಸಿಟ್ಟೋ ಸಮಾಧಾನವೋ ನಮಗೆ ಗೊತ್ತಾಗಲಿಲ್ಲ. ಆ ದಿನ ಊಟ ಮಾಡಲಿಲ್ಲ, ಅಷ್ಟೇ.

ನೆನ್ನೆ ರಾತ್ರಿ ನಿಮ್ಮ ಬರಹವನ್ನು ಅಮ್ಮನಿಗೆ ಓದಿ ಹೇಳಿದೆ. "ದುಡ್ಡು ಕೊಟ್ಟು ಗಣಿಗೆ ಇಳೀತಾರಾ?" ಎಂದು ಮೂರು ಸಲ ಕೇಳಿದರು. ಮೂರನೇ ಸಲಕ್ಕೆ ನಕ್ಕರು. ನೀವು ಇಳಿದಿಲ್ಲ, ಬಯಲಲ್ಲೇ ಅಗೆದಿದ್ದು ಅಂತ ಹೇಳಿದ ಮೇಲೆ "ಹಾಗಾದ್ರೆ ಅದು ಗಣಿ ಅಲ್ಲ, ಹೊಲ" ಎಂದರು.

---

ಕಲ್ಲುಹುಚ್ಚ

ನಿಮ್ಮ ಅಮ್ಮ ಹೇಳಿದ್ದು ಸರಿ, ಇವತ್ತು ಅಗೆಯುವುದೆಲ್ಲ ಬಯಲಲ್ಲೇ. ಆದರೆ ಹಿಂದೆ ಅಲ್ಲೂ ಸುರಂಗ ಕೊರೆದಿದ್ದರು. ರೇನ್‌ಬೋ ರಿಡ್ಜ್‌ನ ಸುರಂಗದಲ್ಲಿ 1917ರಲ್ಲಿ 2,585 ಕ್ಯಾರೆಟ್‌ನ ಕಪ್ಪು ಓಪಲ್ ಸಿಕ್ಕಿತು. ಅರ್ಧ ಕಿಲೋಗಿಂತ ಜಾಸ್ತಿ. ಅದನ್ನು ಕೊಂಡವರು ವಾಷಿಂಗ್ಟನ್ ರೋಬ್ಲಿಂಗ್, ನ್ಯೂಯಾರ್ಕ್‌ನ ಬ್ರೂಕ್ಲಿನ್ ಸೇತುವೆ ಕಟ್ಟಿದ ಎಂಜಿನಿಯರ್. ಅವರು ತೀರಿಕೊಂಡ ಬಳಿಕ 1926ರಲ್ಲಿ ಮಗ ಇಡೀ ಸಂಗ್ರಹವನ್ನು ಸ್ಮಿತ್‌ಸೋನಿಯನ್ ಮ್ಯೂಸಿಯಂಗೆ ಕೊಟ್ಟರು. ರೋಬ್ಲಿಂಗ್ ಓಪಲ್ ಎಂದೇ ಹೆಸರು.

ಇನ್ನೊಂದು ವಿಷಯ ನನಗೆ ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ಆ ಕಾಲದಲ್ಲಿ ಈ ಕಣಿವೆಯಲ್ಲಿ ಗಣಿ ಹಕ್ಕು ಹಿಡಿದಿದ್ದವರಲ್ಲಿ ಫ್ಲೋರಾ ಹೇನ್ಸ್ ಲಾಕ್‌ಹೀಡ್ ಎಂಬ ಪತ್ರಕರ್ತೆ ಒಬ್ಬರು. ಮುಂದೆ ಲಾಕ್‌ಹೀಡ್ ವಿಮಾನ ಕಂಪನಿ ಶುರು ಮಾಡಿದ ಅಣ್ಣತಮ್ಮಂದಿರ ತಾಯಿ. ಮಕ್ಕಳು ಆಕಾಶಕ್ಕೆ, ಅಮ್ಮ ನೆಲದೊಳಗೆ.

---

ಪೋರ್ಟ್‌ಲ್ಯಾಂಡ್_ಪುಟ್ಟಿ

ಹಾಕಿಕೊಳ್ಳುವ ಕಲ್ಲೇ ಬೇಕು ಅನ್ನುವವರಿಗೆ ಒಂದು ಸಲಹೆ. ವರ್ಜಿನ್ ವ್ಯಾಲಿಯಿಂದ ಪಶ್ಚಿಮಕ್ಕೆ ಬಂದು ಒರೆಗಾನ್ ಹೊಕ್ಕರೆ ಪ್ಲಷ್ ಅನ್ನುವ ಪುಟ್ಟ ಊರು. ಅದರ ಉತ್ತರಕ್ಕೆ ಸನ್‌ಸ್ಟೋನ್ ಸಿಗುತ್ತದೆ. ಅಲ್ಲೂ ಫೀಸು ಕಟ್ಟಿ ಅಗೆಯುವ ಚಿಕ್ಕ ಗಣಿಗಳಿವೆ. ಪಕ್ಕದಲ್ಲೇ ಸರ್ಕಾರ ಜನರಿಗೆಂದು ಬಿಟ್ಟ ಜಾಗವೂ ಇದೆ, ಅಲ್ಲಿ ಪುಕ್ಕಟೆ. ಸನ್‌ಸ್ಟೋನ್ ಫೆಲ್ಡ್‌ಸ್ಪಾರ್ ಎಂಬ ಖನಿಜದ ಜಾತಿಯದು, ಒಳಗೆ ತಾಮ್ರದ ಸಣ್ಣ ಚಕ್ಕೆಗಳು ಮಿನುಗುತ್ತವೆ. ಜೇನು ಬಣ್ಣದಿಂದ ಕೆಂಪಿನವರೆಗೆ. ನೀರು ಗೀರು ಬೇಡ. ನಾನು ಮತ್ತು ತಂಗಿ ಒಂದು ಬೆಳಿಗ್ಗೆಯಲ್ಲಿ ಒಂದು ಮುಷ್ಟಿ ಆರಿಸಿದೆವು. ಬಹುಪಾಲು ತಿಳಿ ಹಳದಿ. ಒಂದೇ ಒಂದು ದಾಳಿಂಬೆ ಬೀಜದ ಹಾಗಿತ್ತು. ತಂಗಿ ಅದನ್ನು ತಗೊಂಡು ಊರಿಗೆ ಹೋದವಳು ವಾಪಸ್ ಕೊಟ್ಟಿಲ್ಲ.

ಅಲ್ಲಿ ನೆರಳೇ ಇಲ್ಲ, ಛತ್ರಿ ಒಯ್ಯಿರಿ. ಬುಡಬುಡಿಕೆ ಹಾವು ಇರುತ್ತದೆ, ಕಲ್ಲಿನ ಸಂದಿಗೆ ಕೈ ಹಾಕುವ ಮೊದಲು ಕೋಲು ಹಾಕಿ.

---

ಕಾರ್ಕಳದವ (ಸ್ಯಾಕ್ರಮೆಂಟೊ)

ಈ ಚರ್ಚೆ ಓದಿಯೇ ಆಗಸ್ಟ್‌ನಲ್ಲಿ ವರ್ಜಿನ್ ವ್ಯಾಲಿಗೆ ಹೋಗಿ ಬಂದೆವು. ಎರಡು ಜನ, ಟೇಲಿಂಗ್ಸ್ ಮಾತ್ರ. ಕಲ್ಲುಹುಚ್ಚರು ಬರೆಯದ ಮೂರು ಮಾತು.

ಮಳೆ. ಮಧ್ಯಾಹ್ನ ಮೋಡ ಕಟ್ಟಿ ಇಪ್ಪತ್ತು ನಿಮಿಷ ಸುರಿಯಿತು. ತುಳುನಾಡಿನವನಿಗೆ ಇದೊಂದು ಮಳೆಯಾ ಅಂತ ನಕ್ಕೆ. ಕಾರು ಸ್ಟಾರ್ಟ್ ಮಾಡಿದ ಮೇಲೆ ನಗು ನಿಂತಿತು. ಆ ಜೇಡಿ ಒದ್ದೆಯಾದರೆ ದೋಸೆ ಹಿಟ್ಟು. ಚಕ್ರಕ್ಕೆ ಅಂಟಿ ಅಂಟಿ ಎರಡರಷ್ಟು ದಪ್ಪವಾಯಿತು. ಬೂಟು ಒಂದೊಂದೂ ಎರಡು ಕಿಲೋ. ಗಣಿಯ ಹುಡುಗ ಬಂದು "ಎಳೆಯೋದು ಬೇಡ, ಒಣಗಲಿ" ಎಂದ. ಮೂರು ಗಂಟೆ ಕಾದೆವು. ಆ ಮೂರು ಗಂಟೆಯಲ್ಲೇ ನಮಗೆ ಒಳ್ಳೇ ತುಂಡು ಸಿಕ್ಕಿದ್ದು. ಮಳೆ ತೊಳೆದ ರಾಶಿಯ ಮೇಲೆ ತಾನೇ ಮಿಂಚುತ್ತಾ ಕೂತಿತ್ತು. ಬಳ್ಳಾರಿಯವರ ಮಾವ ನೆನಪಾದರು.

ಸ್ನಾನ. ಅಲ್ಲೇ ಹತ್ತಿರದ ವನ್ಯಧಾಮದ ಕ್ಯಾಂಪ್ ಜಾಗದಲ್ಲಿ ಉಗುರುಬೆಚ್ಚಗಿನ ಬುಗ್ಗೆಯ ಕೊಳ ಇದೆ, ಪಕ್ಕದಲ್ಲಿ ಕಲ್ಲಿನ ಹಳೇ ಸ್ನಾನದ ಮನೆ. ಇಡೀ ದಿನ ಅಗೆದು ಅದರಲ್ಲಿ ಕೂತರೆ, ಆಹಾ. ಕಾಲಿನ ಬೆರಳು ಕಚ್ಚುವ ಸಣ್ಣ ಮೀನುಗಳೂ ಇವೆ.

ಟಾರ್ಚ್. ರಾತ್ರಿ ಪಕ್ಕದ ಡೇರೆಯವರು ಅಲ್ಟ್ರಾವಯಲೆಟ್ ಟಾರ್ಚ್ ತಂದಿದ್ದರು. ನಮ್ಮ ಬಿಳಿ ಚೂರುಗಳ ಮೇಲೆ ಬಿಟ್ಟರೆ ಮಿಣುಕು ಹುಳದ ಹಸಿರು. ಲೋಟದ ತುಂಬ ಮಿಂಚುಹುಳ! ಬಿಸಾಕಬೇಕು ಅಂದುಕೊಂಡಿದ್ದನ್ನೆಲ್ಲ ವಾಪಸ್ ತುಂಬಿಕೊಂಡೆವು.

---

ಶಿಲಾಪದರ

ಆ ಹಸಿರಿಗೆ ಕಾರಣ ಕಲ್ಲಿನೊಳಗೆ ಸೇರಿದ ಅಲ್ಪಸ್ವಲ್ಪ ಯುರೇನಿಯಂ. ಜ್ವಾಲಾಮುಖಿ ಬೂದಿಯಿಂದಲೇ ಬಂದದ್ದು. ಶೋಕೇಸ್‌ನಲ್ಲಿ ಇಟ್ಟುಕೊಳ್ಳಲು ಹೆದರಬೇಡಿ. ಕತ್ತರಿಸಿ ಪುಡಿ ಉಸಿರಾಡುವುದು ಬೇಡ, ಸಿಲಿಕಾ ಪುಡಿ ಹೇಗೂ ಶ್ವಾಸಕೋಶಕ್ಕೆ ಕೆಟ್ಟದ್ದು.

---

ಲೆಕ್ಕದಪುಸ್ತಕ

ಯುರೇನಿಯಂ ಅಂತ ಮೊದಲೇ ಹೇಳಿದ್ದರೆ ಹೆಂಡತಿಗೆ ಈ ಥ್ರೆಡ್ ತೋರಿಸುತ್ತಲೇ ಇರಲಿಲ್ಲ. ಈಗ ಡಿಸೆಂಬರ್‌ನಲ್ಲಿ ಅಮೆರಿಕಕ್ಕೆ ಬಂದಾಗ ಕರೆದುಕೊಂಡು ಹೋಗಿ ಅನ್ನುತ್ತಿದ್ದಾಳೆ.

---

ಕಲ್ಲುಹುಚ್ಚ

ಡಿಸೆಂಬರ್‌ನಲ್ಲಿ ಮುಚ್ಚಿರುತ್ತದೆ, ಬಚಾವಾದಿರಿ. ಮೇ ತಿಂಗಳಿಗೆ ಟಿಕೆಟ್ ಬುಕ್ ಮಾಡಿ.

ಒಂದು ಎಚ್ಚರಿಕೆ: ಗಣಿಯ ಬೇಲಿ ದಾಟಿ ವನ್ಯಧಾಮದಲ್ಲಿ ಗುದ್ದಲಿ ಹಾಕಬೇಡಿ. ಅಲ್ಲಿ ಅಗೆಯುವ ಹಾಗಿಲ್ಲ.

ಇನ್ನು ಕೆಲವರು ಖಾಸಗಿಯಾಗಿ ಕೇಳಿದ್ದರು, ಬಾಟಲಿಯನ್ನು ಇಂಡಿಯಾಕ್ಕೆ ಹೇಗೆ ಒಯ್ಯುವುದು ಎಂದು. ಕ್ಯಾಬಿನ್ ಬ್ಯಾಗಿನಲ್ಲಿ 100 ಮಿಲಿಲೀಟರ್‌ಗಿಂತ ದೊಡ್ಡ ಬಾಟಲಿಯ ನೀರು ಬಿಡುವುದಿಲ್ಲ. ಒದ್ದೆ ಹತ್ತಿಯಲ್ಲಿ ಸುತ್ತಿ, ಎರಡು ಜಿಪ್ ಚೀಲದಲ್ಲಿ ಹಾಕಿ, ದೊಡ್ಡ ಪೆಟ್ಟಿಗೆಯಲ್ಲಿ ಬಟ್ಟೆ ನಡುವೆ ಇಡಿ. ನಾನು ಉಳಿದ ಆರರಲ್ಲಿ ಒಂದು ಚಿಕ್ಕದನ್ನು ಹಾಗೇ ಅಮ್ಮನಿಗೆ ಕಳಿಸಿದೆ, ಊರಿಗೆ ಹೊರಟಿದ್ದ ಗೆಳೆಯನ ಕೈಲಿ. ಒಡೆಯದೆ ತಲುಪಿತು.

ಅಮ್ಮ ಅದನ್ನು ಹಾರ್ಲಿಕ್ಸ್ ಬಾಟಲಿಗೆ ಹಾಕಿ ದೇವರ ಕೋಣೆಯಲ್ಲಿ ಇಟ್ಟಿದ್ದಾರೆ. ದಿನಾ ಬೆಳಿಗ್ಗೆ ತುಳಸಿಗೆ ನೀರು ಹಾಕಿದ ಮೇಲೆ ಇದಕ್ಕೂ ನೀರು ಬದಲಿಸುತ್ತಾರಂತೆ. ದಿನಾ ಬೇಡಮ್ಮ, ತಳದಲ್ಲಿ ಪಾಚಿ ಕಂಡಾಗ ಬದಲಿಸಿದರೆ ಸಾಕು, ಡಿಸ್ಟಿಲ್ಡ್ ನೀರು ಆದರೆ ಒಳ್ಳೇದು ಎಂದೆ. "ಬಾವಿ ನೀರಿಗಿಂತ ಅದೇನು ಶುದ್ಧ?" ಎಂದು ಫೋನ್ ಇಟ್ಟರು.

---

ಪೋರ್ಟ್‌ಲ್ಯಾಂಡ್_ಪುಟ್ಟಿ

ಸೆಪ್ಟೆಂಬರ್ ಮೂರನೇ ವಾರ ನಾವು ನಾಲ್ಕು ಜನ ಹೊರಟಿದ್ದೇವೆ, ಮೊದಲು ಪ್ಲಷ್, ಆಮೇಲೆ ವರ್ಜಿನ್ ವ್ಯಾಲಿ. ಕಾರಿನಲ್ಲಿ ಒಂದು ಸೀಟು ಖಾಲಿ ಇದೆ. ಬರುವವರು ಸ್ವಂತ ಸ್ಕ್ರೂಡ್ರೈವರ್, ಸ್ವಂತ ಬಾಟಲಿ ತರಬೇಕು. ಪುಳಿಯೋಗರೆ ಗೊಜ್ಜು ನಮ್ಮದು.